ನಡುವೆ ಎರಡು ವಾರ ಬಿಡುವು ಕೊಡಿ ಅಂತ ಕೇಳಿದ್ದೆ

ನನ್ನ ಕೊನೆಯ ರೇಡಿಯೇಷನ್ ಮುಗಿದು ಇವತ್ತಿಗೆ 26 ದಿನ. ನಾಲಿಗೆ ಇನ್ನೂ ಸುಟ್ಟುಕೊಂಡ ಹಾಗೇ ಇದೆ. ನಾಲ್ಕು ಮಾತಾಡಿದರೆ ಗಂಟಲು ಹಿಡಿದುಕೊಳ್ಳುತ್ತದೆ. ಕೈಗೆ ಮಾತ್ರ ಏನೂ ಆಗಿಲ್ಲ, ಅದಕ್ಕೇ ಬರೆಯೋಣ ಅಂತ ಕೂತಿದ್ದೇನೆ.

ಚಿಕಿತ್ಸೆಯ ನಾಲ್ಕನೇ ವಾರದಲ್ಲಿ ನಾನು ಡಾಕ್ಟರ ಮುಂದೆ ಕೂತು, ಎರಡು ವಾರ ಬಿಡುವು ಕೊಡಿ, ಹುಣ್ಣು ಮಾಯಲಿ, ಆಮೇಲೆ ಉಳಿದದ್ದು ಮುಗಿಸೋಣ ಅಂತ ಬೇಡಿಕೊಂಡಿದ್ದೆ. ಅವರು ಒಪ್ಪಲಿಲ್ಲ. ಆವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುವಾರವೇ ಮೆಷಿನ್ ಕೆಟ್ಟು ಎರಡು ದಿನದ ಬಿಡುವು ತಾನಾಗಿಯೇ ಸಿಕ್ಕಿತು. ಆ ಎರಡು ದಿನವನ್ನು ವಾಪಸ್ ಗಿಟ್ಟಿಸಲು ಅದೇ ಡಾಕ್ಟರು ಎಷ್ಟು ಪರದಾಡಿದರು ಅಂತ ನೋಡಿದ ಮೇಲೆ ವಿಷಯ ತಲೆಗೆ ಹತ್ತಿತು. ನಿಮಗೂ ನಾಲ್ಕನೇ ವಾರ ಬಂದೇ ಬರುತ್ತದೆ. ಆಗ ನಿಮ್ಮ ತಲೆಯಲ್ಲೂ ಇದೇ ಯೋಚನೆ ಓಡುತ್ತದೆ. ಅದಕ್ಕೆ ಮೊದಲೇ ಇದನ್ನು ಓದಿಕೊಂಡಿದ್ದರೆ ಒಳ್ಳೆಯದು.

ನನಗೆ ಬಂದದ್ದು ನಾಲಿಗೆಯ ಬುಡದ ಕ್ಯಾನ್ಸರ್. ಕುತ್ತಿಗೆಯಲ್ಲಿ ಒಂದು ಗಂಟೂ ಇತ್ತು. ಫೈಲಿನ ಮೊದಲ ಹಾಳೆಯಲ್ಲಿ ಹೀಗೆ ಬರೆದಿದ್ದರು: 70 ಗ್ರೇ, 35 ಫ್ರ್ಯಾಕ್ಷನ್, ಏಳು ವಾರ, ಜೊತೆಗೆ ವಾರಕ್ಕೊಂದು ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ. ಗ್ರೇ ಅಂದರೆ ಮೈ ಹೀರಿಕೊಳ್ಳುವ ವಿಕಿರಣದ ಅಳತೆ. ಫ್ರ್ಯಾಕ್ಷನ್ ಅಂದರೆ ನಾವು ಸಿಟ್ಟಿಂಗ್ ಅನ್ನುತ್ತೇವಲ್ಲ, ಅದೇ. ದಿನಕ್ಕೆ ಒಂದು, ಒಂದಕ್ಕೆ 2 ಗ್ರೇ, ಸೋಮವಾರದಿಂದ ಶುಕ್ರವಾರ. ಹಳಬರು ಈಗಲೂ ಇದನ್ನು ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ, ಶಾಕ್ ಹೊಡೆಯುವುದಿಲ್ಲ, ಏನೂ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದೆಲ್ಲ ಎರಡು ಮೂರು ವಾರ ಕಳೆದ ಮೇಲೆ.

ಶುರುವಾಗುವ ಮುಂಚಿನ ಕಾಯುವಿಕೆಯೇ ಒಂದು ತಿಂಗಳಿನ ಹತ್ತಿರ ಹೋಯಿತು. ಬಯಾಪ್ಸಿ ಮಾಡಿದ ಕಡೆಯಿಂದ ಸ್ಲೈಡು ಮತ್ತು ಬ್ಲಾಕ್ ತಂದುಕೊಡಿ ಅಂದರು. ನಾನು ರಿಪೋರ್ಟ್ ಕಾಗದ ಮಾತ್ರ ತೆಗೆದುಕೊಂಡು ಹೋಗಿದ್ದೆ, ಅದು ಸಾಲದು. ಬ್ಲಾಕ್ ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಮಾಂಸದ ಚೂರು. ಚಿಕಿತ್ಸೆ ಮಾಡುವ ಆಸ್ಪತ್ರೆಯವರು ಅದನ್ನು ತಾವೇ ಇನ್ನೊಮ್ಮೆ ನೋಡುತ್ತಾರೆ. ಸ್ಕ್ಯಾನಿನದೂ ಹಾಗೇ, ಫಿಲ್ಮ್ ಸಾಲದು, ಸಿಡಿ ಬೇಕು. ಇನ್ಶೂರೆನ್ಸ್ ಒಪ್ಪಿಗೆಗೆ ಎರಡು ಸಲ ಹೋಗಿಬರಬೇಕಾಯಿತು, ಯಾಕೆಂದರೆ ಮೊದಲ ಅರ್ಜಿಯಲ್ಲಿ ರೇಡಿಯೇಷನ್ ಮಾತ್ರ ಬರೆದು ಕೀಮೋ ಬಿಟ್ಟುಬಿಟ್ಟಿದ್ದರು. ಅರ್ಜಿ ಕಳಿಸುವ ಮುಂಚೆ ನೀವೇ ಒಮ್ಮೆ ಓದಿ ನೋಡಿ. ಎಷ್ಟು ಸಿಟ್ಟಿಂಗ್, ಯಾವ ವಿಧಾನ, ಕೀಮೋ ಎಷ್ಟು ಸಲ, ನಡುವೆ ಪ್ಲಾನ್ ಬದಲಾದರೆ ಅದೂ ಇದರಲ್ಲೇ ಬರುತ್ತದೆಯೇ. ಈ ಕೊನೆಯದು ನನಗೆ ಮುಂದೆ ಉಪಯೋಗಕ್ಕೆ ಬಂತು.

ಆಮೇಲೆ ಹಲ್ಲು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಗಂಟಲಿಗೆ ರೇಡಿಯೇಷನ್ ಕೊಟ್ಟರೆ ದವಡೆಯ ಎಲುಬಿಗೂ ಬೀಳುತ್ತದೆ. ಆಮೇಲೆ ಹಲ್ಲು ಕೀಳಿಸಿದರೆ ಆ ಗಾಯ ಮಾಯುವುದೇ ಕಷ್ಟ, ಎಲುಬೇ ಕೊಳೆಯುವ ಅಪಾಯ ಇದೆ. ಹಾಗಾಗಿ ಕೆಟ್ಟ ಹಲ್ಲನ್ನು ಮೊದಲೇ ತೆಗೆಸಬೇಕು, ತೆಗೆಸಿ ಎರಡು ವಾರದ ಹತ್ತಿರ ಕಾಯಬೇಕು. ನನ್ನವು ಮೂರು ಹೋದವು. ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನವೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರೆ ಹತ್ತು ದಿನ ಉಳಿಯುತ್ತಿತ್ತು.

ಮಾಸ್ಕ್ ಮಾಡಿದ ದಿನ ನೆನಪಿದೆ. ತೂತುತೂತಾದ ಬಿಳಿ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಅದನ್ನು ಇಬ್ಬರು ಎರಡು ಕಡೆ ಹಿಡಿದು ತಂದು ಮುಖದ ಮೇಲೆ ಎಳೆದು ಹಾಸಿದರು. ಮೊದಲು ಹಿತವಾಗಿ ಬೆಚ್ಚಗಿತ್ತು, ಒಂದಿಷ್ಟು ನೀರು ಕಿವಿಗೆ ಇಳಿಯಿತು. ನಿಧಾನವಾಗಿ ತಣ್ಣಗಾಗುತ್ತಾ ಬಿಗಿಯಿತು. ಕಣ್ಣುರೆಪ್ಪೆ ಬಿಚ್ಚಲಾಗದಷ್ಟು, ಗಲ್ಲ ಅಲುಗಾಡದಷ್ಟು. ಅದನ್ನು ಮಂಚದ ಹಲಗೆಗೆ ಟಕ್ ಟಕ್ ಅಂತ ಕ್ಲಿಪ್ ಹಾಕಿ ಬಿಗಿದರು, ಹಾಗೇ ಸಿಟಿ ಸ್ಕ್ಯಾನ್ ತೆಗೆದರು. ಮುಚ್ಚಿದ ಜಾಗ ಅಂದರೆ ಹೆದರುವವರು ಮೊದಲೇ ಹೇಳಿ. ನಾನು ಹೇಳಿರಲಿಲ್ಲ, ಎದೆ ಡವಗುಟ್ಟುತ್ತಿತ್ತು. ಟೆಕ್ನಿಷಿಯನ್ ಹುಡುಗಿ ಕಿವಿಯ ಹತ್ತಿರ ಬಂದು, “ಸರ್, ಕೈ ಎತ್ತಿದರೆ ಸಾಕು, ನಿಲ್ಲಿಸ್ತೀವಿ” ಅಂದಳು. ಏಳು ವಾರ ಒಂದು ಸಲವೂ ಕೈ ಎತ್ತಲಿಲ್ಲ, ಆದರೆ ಎತ್ತಬಹುದು ಅಂತ ಗೊತ್ತಿದ್ದರೆ ಸಾಕಾಗುತ್ತದೆ.

ಮಾಸ್ಕ್ ಆದ ಮೇಲೆ ಪ್ಲಾನಿಂಗಿಗೆ, ಅಂದರೆ ಎಲ್ಲಿಗೆ ಎಷ್ಟು ವಿಕಿರಣ ಬೀಳಬೇಕು ಅನ್ನುವ ಲೆಕ್ಕಕ್ಕೆ, ಎಂಟು ದಿನ. ಪ್ಲಾನ್ ಒಂದು ಗುರುವಾರ ತಯಾರಾಯಿತು. ನಾಳೆಯೇ ಶುರು ಮಾಡಿ ಅಂತ ನಾನು. ಬೇಡ, ಸೋಮವಾರ ಬನ್ನಿ ಅಂದರು ಡಾಕ್ಟರು. ಇನ್ನೂ ಮೂರು ದಿನವಾ ಅಂತ ನನ್ನ ಮುಖ ಸಣ್ಣಗಾಯಿತು. ಕಾರಣ ಸುಮ್ನೆ ಲೆಕ್ಕ. 35 ಸಿಟ್ಟಿಂಗ್ ಸೋಮವಾರ ಶುರುವಾದರೆ ಏಳನೇ ಶುಕ್ರವಾರಕ್ಕೆ, ಅಂದರೆ 47ನೇ ದಿನಕ್ಕೆ ಮುಗಿಯುತ್ತದೆ. ನಡುವೆ ಆರು ವಾರಾಂತ್ಯ. ಶುಕ್ರವಾರ ಶುರು ಮಾಡಿದರೆ ಏಳು ವಾರಾಂತ್ಯ ದಾಟಬೇಕು, 49 ದಿನ ಆಗುತ್ತದೆ. “ಇಷ್ಟು ದಿನದಲ್ಲಿ ಮುಗಿಸೋದೂ ಔಷಧಿಯ ಒಂದು ಭಾಗ ಅಂದ್ಕೊಳ್ಳಿ” ಅಂದರು. ಆವತ್ತು ಆ ಮಾತು ಕಿವಿಯ ಮೇಲೆ ಹಾದು ಹೋಯಿತು.

ಆ ಮಾತು ಹಾಗೆ ಹಾದು ಹೋಗಲು ಕಾರಣ ನನ್ನ ದೊಡ್ಡಪ್ಪ. 1970ರ ದಶಕದ ಕೊನೆಯಲ್ಲಿ ಅವರಿಗೂ ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಆಗಿತ್ತು. ಅವರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: ಅರ್ಧ ಕೊಟ್ಟು ಮನೆಗೆ ಕಳಿಸಿದರು, ಮೂರು ವಾರ ಬಿಟ್ಟು ಬಾ ಅಂದರು, ಹುಣ್ಣೆಲ್ಲ ಮಾಯಿತು, ಚೆನ್ನಾಗಿ ಊಟ ಮಾಡಿದರು, ಆಮೇಲೆ ಉಳಿದರ್ಧ ಮುಗಿಸಿದರು. ಹಾಗಾಗಿ ನನ್ನ ತಲೆಯಲ್ಲಿ ರೇಡಿಯೇಷನ್ ಅಂದರೆ ನಡುವೆ ಒಂದು ರಜೆ ಇರುವ ಚಿಕಿತ್ಸೆ. ಅದನ್ನು ಎಷ್ಟು ನಂಬಿದ್ದೆ ಅಂದರೆ, ಏಳು ವಾರ ಅಂದಾಗ ಆ ರಜೆಯೂ ಅದರೊಳಗೇ ಸೇರಿದೆ ಅಂದುಕೊಂಡಿದ್ದೆ.

ಮೊದಲ ಎರಡು ವಾರದ ಬಗ್ಗೆ ಹೇಳುವಂಥದ್ದು ಏನಿಲ್ಲ. ಹೋಗು, ಟೋಕನ್ ತಗೋ, ಕಾಯಿ, ಅಂಗಿ ಬಿಚ್ಚು, ಮಲಗು. ಮೆಷಿನ್ ಸುತ್ತ ತಿರುಗಿ ಗುಂಯ್ ಅನ್ನುತ್ತದೆ, ಹತ್ತು ಹದಿನೈದು ನಿಮಿಷಕ್ಕೆ ಹೊರಗೆ. ಕನ್ನಡಿ ನೋಡಿದರೆ ಹಣೆಯ ಮೇಲೆ ಬಲೆಯ ಅಚ್ಚು. ನನ್ನ ಹೆಂಡತಿ ಒಂದು ಹಳೆಯ ಡೈರಿಯಲ್ಲಿ ದಿನಕ್ಕೊಂದು ಗೆರೆ: ಸಿಟ್ಟಿಂಗ್ ನಂಬರು, ಎಷ್ಟನೇ ದಿನ, ತೂಕ, ಏನು ನುಂಗಿದೆ. ಇದನ್ನು ನೀವೂ ಮಾಡಿ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಎಲ್ಲ ಇರುತ್ತದೆ ನಿಜ. ಆದರೆ ಸಿಟ್ಟಿಂಗ್ ನಂಬರು, ದಿನದ ನಂಬರು ಎರಡನ್ನೂ ಅಕ್ಕಪಕ್ಕ ಬರೆದಿಟ್ಟರೆ ನೀವು ಹಿಂದೆ ಬಿದ್ದಿದ್ದೀರಾ ಇಲ್ಲವಾ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮೂರನೇ ವಾರದಲ್ಲಿ ರುಚಿ ಹೋಯಿತು. ಜೊಲ್ಲು ಅಂಟಿನ ಹಾಗೆ ದಪ್ಪಗಾಯಿತು. ನಾಲ್ಕನೇ ವಾರಕ್ಕೆ ಬಾಯೊಳಗೆಲ್ಲ ಬಿಳಿಯ ಪದರ, ಕೆಳಗೆ ಹಸಿ ಗಾಯ. ನೀರು ನುಂಗುವ ಮುಂಚೆ ಮಂಚದ ಅಂಚು ಹಿಡಿದುಕೊಳ್ಳಬೇಕಿತ್ತು. ಮರಗಟ್ಟಿಸುವ ಜೆಲ್ ಬಾಯಿಗೆ ಹಚ್ಚಿ ಐದು ನಿಮಿಷ ಬಿಟ್ಟು, ಅದರ ಪರಿಣಾಮ ಇರುವಷ್ಟರಲ್ಲಿ ಗಬಗಬ ಅಂತ ನಾಲ್ಕು ಚಮಚ ಇಳಿಸುವುದು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ಎಂಟು ಹತ್ತು ಸಲ ಬಾಯಿ ಮುಕ್ಕಳಿಸುವುದು. ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಇರುವ ಮೌತ್‌ವಾಶ್ ಮುಟ್ಟಬೇಡಿ, ಒಂದು ಸಲ ಹಾಕಿಕೊಂಡು ನಾನು ಅತ್ತಿದ್ದೇನೆ.

20ನೇ ಸಿಟ್ಟಿಂಗ್ ಮುಗಿಸಿದ ಶುಕ್ರವಾರ ವಾರದ ತಪಾಸಣೆಯಲ್ಲಿ ಕೇಳಿಬಿಟ್ಟೆ. ಮಾತಾಡಲು ಆಗುತ್ತಿರಲಿಲ್ಲ, ಕಾಗದದ ಮೇಲೆ ಬರೆದು ತೋರಿಸಿದೆ. “ಮೇಡಂ, ಎರಡು ವಾರ ಬಿಡುವು ಕೊಡಿ. ನಮ್ಮ ದೊಡ್ಡಪ್ಪನಿಗೆ ಕೊಟ್ಟಿದ್ದರು.”

ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. ನನ್ನ ತೂಕದ ಚಾರ್ಟಿನ ಹಿಂಬದಿಗೆ ತಿರುಗಿಸಿ ಒಂದು ಗೆರೆ ಎಳೆದರು. “ಹೌದು, ಆಗ ಕೊಡ್ತಿದ್ದರು. ಬಿಡುವು ಕೊಟ್ಟರೆ ನಿಮ್ಮ ಬಾಯಿ ಯಾಕೆ ಮಾಯುತ್ತೆ ಹೇಳಿ? ಅಲ್ಲಿ ಉಳಿದಿರೋ ಜೀವಕೋಶಗಳು ಬೇಗ ಬೇಗ ಒಡೆದು ಎರಡಾಗಿ, ನಾಲ್ಕಾಗಿ ಜಾಗ ತುಂಬುತ್ತವೆ. ಗಡ್ಡೆಯಲ್ಲಿ ಉಳಿದಿರೋವೂ ಅದನ್ನೇ ಮಾಡ್ತವೆ.” ಅಷ್ಟೇ ಅಲ್ಲ, ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರ ಆದ ಮೇಲೆ ಅವು ಮೊದಲಿಗಿಂತ ಜೋರಾಗಿ ಬೆಳೆಯಲು ಶುರು ಮಾಡುತ್ತವಂತೆ. ಅಂದರೆ ನಾನು ಬಿಡುವು ಕೇಳುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ.

ಚಾರ್ಟಿನ ಮೇಲೆ ಅವರು ಒಂದು ಲೆಕ್ಕವನ್ನೂ ಹಾಕಿದರು. ತಲೆ ಕುತ್ತಿಗೆಯ ಕ್ಯಾನ್ಸರಿನಲ್ಲಿ, ಆ ನಾಲ್ಕು ವಾರದ ಆಚೆ ಎಳೆಯುವ ಒಂದೊಂದು ದಿನಕ್ಕೂ ಸುಮಾರು 0.6 ಗ್ರೇ ಸುಮ್ನೆ ನಷ್ಟ. ವಿದರ್ಸ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದ ಅಂದಾಜು ಅದು. ಹದಿನಾಲ್ಕು ದಿನ ಬಿಟ್ಟರೆ 8.4 ಗ್ರೇ. ನನ್ನ ಒಂದು ಸಿಟ್ಟಿಂಗ್ 2 ಗ್ರೇ. “ಈ ಬಾಯಲ್ಲೇ ತಗೊಂಡ ನಾಲ್ಕು ಸಿಟ್ಟಿಂಗ್ ನೀರಲ್ಲಿ ಹೋಮ ಆಗುತ್ತೆ. ಬೇಕಾ?” ಅಂದರು.

ಹಾಗಾದರೆ ಬಿಡುವಿನ ಆಮೇಲೆ ನಾಲ್ಕು ಜಾಸ್ತಿ ಕೊಟ್ಟುಬಿಡಿ ಅಂತ ಬರೆದೆ. ಇದಕ್ಕೆ ಅವರು ಕೊಟ್ಟ ಉತ್ತರವೇ ನನ್ನ ಬಾಯಿ ಮುಚ್ಚಿಸಿದ್ದು. ರೇಡಿಯೇಷನ್ನಿನ ತೊಂದರೆಯಲ್ಲಿ ಎರಡು ಬಗೆ. ಒಂದು ಈಗಿನದು: ಹುಣ್ಣು, ಸುಟ್ಟ ಚರ್ಮ. ಇನ್ನೊಂದು ತಿಂಗಳು, ವರ್ಷ ಕಳೆದ ಮೇಲೆ ಬರುವುದು: ಕುತ್ತಿಗೆ ಗಟ್ಟಿಯಾಗುವುದು, ನುಂಗಲು ಕಷ್ಟ, ದವಡೆ ಎಲುಬಿನ ತೊಂದರೆ. ಬಿಡುವು ಕೊಟ್ಟರೆ ಮೊದಲನೆಯದು ಮಾತ್ರ ಕಡಿಮೆಯಾಗುತ್ತದೆ. ಎರಡನೆಯ ಬಗೆಯ ಅಂಗಾಂಶಗಳಿಗೆ ಎರಡು ವಾರದ ರಜೆ ಇತ್ತೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅವು ನೋಡುವುದು ಒಟ್ಟು ಎಷ್ಟು ಗ್ರೇ ಬಿತ್ತು, ಒಂದು ಸಲಕ್ಕೆ ಎಷ್ಟು ಬಿತ್ತು ಅಂತ. ಬಿಡುವಿನ ನಷ್ಟ ತುಂಬಲು ನಾಲ್ಕು ಸಿಟ್ಟಿಂಗ್ ಜಾಸ್ತಿ ಕೊಟ್ಟರೆ ಗಡ್ಡೆಯ ಲೆಕ್ಕ ಸರಿಹೋಗಬಹುದು, ಆದರೆ ಆ 8 ಗ್ರೇ ಪೂರ್ತಿ ಮುಂದಿನ ತೊಂದರೆಯ ಖಾತೆಗೆ ಜಮೆ.

“ಶನಿವಾರ ಭಾನುವಾರ ಬಿಡ್ತೀರಲ್ಲ, ಅದು ಬಿಡುವಲ್ವಾ?” ಅಂತ ಕೊನೆಯ ಬಾಣ ಬಿಟ್ಟೆ. ಅದೂ ಬಿಡುವೇ ಅಂತ ಅವರು ಒಪ್ಪಿಕೊಂಡರು. ವಾರಕ್ಕೆ ಐದು ದಿನ ಅನ್ನುವುದು ಮಾಮೂಲಿ ಕ್ರಮ, 70 ಗ್ರೇ ಅನ್ನುವ ಲೆಕ್ಕವೂ ಆ ಎರಡು ದಿನವನ್ನು ಸೇರಿಸಿಕೊಂಡೇ ರೂಢಿಗೆ ಬಂದದ್ದು. ಅದನ್ನೂ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದಾಗುತ್ತದೆ ಅಂತ ಡೆನ್ಮಾರ್ಕಿನವರು ತೋರಿಸಿದ್ದಾರೆ ಅಂದರು. ನನ್ನ ಕಾಗದದಲ್ಲಿ ಮತ್ತೆ ಬರೆಯಲು ಏನೂ ಉಳಿಯಲಿಲ್ಲ. ನೋವಿನ ಔಷಧಿಯನ್ನು ಮಾರ್ಫಿನ್‌ಗೆ ಏರಿಸಿದರು, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿಸಿಕೊಳ್ಳಿ ಅಂದರು.

ಆ ವಾರಾಂತ್ಯ ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು ಓದುತ್ತಾ ಕೂತೆ. ದೊಡ್ಡಪ್ಪನಿಗೆ ಕೊಟ್ಟದ್ದಕ್ಕೆ ಸ್ಪ್ಲಿಟ್ ಕೋರ್ಸ್ ಅನ್ನುತ್ತಾರೆ. 1960, 70ರ ದಶಕದಲ್ಲಿ ಬಹಳ ಕಡೆ ಇತ್ತು. ಅದರ ಹಿಂದೆ ಕೆಟ್ಟ ಯೋಚನೆ ಏನಿರಲಿಲ್ಲ: ರೋಗಿ ಸುಧಾರಿಸಿಕೊಳ್ಳಲಿ, ಅಷ್ಟರಲ್ಲಿ ಗಡ್ಡೆಯೂ ಸ್ವಲ್ಪ ಕುಗ್ಗಿ ಅದಕ್ಕೆ ರಕ್ತ, ಆಮ್ಲಜನಕ ಚೆನ್ನಾಗಿ ಹೋಗಲಿ, ಆಮ್ಲಜನಕ ಇದ್ದರೆ ವಿಕಿರಣ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಬಿಡುವು ಕೊಟ್ಟವರಲ್ಲಿ ಗಡ್ಡೆ ಮತ್ತೆ ಬರುವುದು ಜಾಸ್ತಿ ಅಂತ ಒಂದೊಂದಾಗಿ ಕಂಡುಬಂತು.

ನನಗೆ ಹಿಡಿಸಿದ್ದು ಅಮೆರಿಕದ ಒಂದು ಅಧ್ಯಯನ. ಆರ್‌ಟಿಓಜಿ 9003 ಅಂತ ಅದರ ಹೆಸರು, ಫಲಿತಾಂಶ ಬಂದದ್ದು 2000ರಲ್ಲಿ. ತಲೆ ಕುತ್ತಿಗೆಯ ಕ್ಯಾನ್ಸರಿನ ಸಾವಿರಕ್ಕೂ ಮೇಲ್ಪಟ್ಟ ರೋಗಿಗಳನ್ನು ನಾಲ್ಕು ಗುಂಪು ಮಾಡಿದ್ದರು. ಒಂದಕ್ಕೆ ಮಾಮೂಲಿ, ನನ್ನ ಹಾಗೆ 70 ಗ್ರೇ ಏಳು ವಾರ. ಒಂದಕ್ಕೆ ದಿನಕ್ಕೆ ಎರಡು ಸಲ ಸಣ್ಣ ಸಣ್ಣ ಪ್ರಮಾಣ. ಒಂದಕ್ಕೆ ಕೊನೆಯಲ್ಲಿ ವೇಗ ಹೆಚ್ಚಿಸಿ ಆರೇ ವಾರದಲ್ಲಿ 72 ಗ್ರೇ. ಇನ್ನೊಂದಕ್ಕೆ ದಿನಕ್ಕೆರಡು ಸಲ ಜೋರಾಗಿ ಕೊಟ್ಟು, ನಡುವೆ ಎರಡು ವಾರ ಬಿಡುವು. ಎರಡು ವರ್ಷದ ಮೇಲೆ ನೋಡಿದರೆ, ಬಿಡುವಿಲ್ಲದ ಎರಡು ಹೊಸ ಕ್ರಮಗಳಲ್ಲಿ ಸುಮಾರು 54% ಜನರಲ್ಲಿ ರೋಗ ಆ ಜಾಗದಲ್ಲಿ ಹತೋಟಿಯಲ್ಲಿತ್ತು. ಮಾಮೂಲಿಯಲ್ಲಿ 46%. ಬಿಡುವು ಕೊಟ್ಟದ್ದರಲ್ಲಿ 47.5%. ಅಂದರೆ ದಿನಕ್ಕೆರಡು ಸಲ ಸುಡಿಸಿಕೊಂಡು ಗಳಿಸಿದ್ದನ್ನೆಲ್ಲ ಆ ಎರಡು ವಾರ ನುಂಗಿ ಹಾಕಿತ್ತು. ಇದನ್ನು ರಾತ್ರಿ ಎರಡು ಗಂಟೆಗೆ ಓದಿ ಡಾಕ್ಟರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಡೆನ್ಮಾರ್ಕಿನ ಅಧ್ಯಯನವೂ ಸಿಕ್ಕಿತು. ಒಟ್ಟು ಡೋಸ್ ಅಷ್ಟೇ, ಸಿಟ್ಟಿಂಗ್ ಅಷ್ಟೇ, ವಾರಕ್ಕೆ ಐದರ ಬದಲು ಆರು. ಒಂದು ವಾರ ಬೇಗ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ. ಐದು ವರ್ಷದ ಹತೋಟಿ 60%ನಿಂದ 70%ಗೆ ಏರಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇದನ್ನೇ ಸೌಕರ್ಯ ಕಡಿಮೆ ಇರುವ ದೇಶಗಳ ಆಸ್ಪತ್ರೆಗಳಲ್ಲಿ ಮಾಡಿಸಿ 2010ರಲ್ಲಿ ಪ್ರಕಟಿಸಿತು, ಅಲ್ಲಿ 30%ನಿಂದ 42%. ಇನ್ನೊಂದು ತುದಿಗೆ ಬ್ರಿಟನ್ನಿನ ಚಾರ್ಟ್ ಅನ್ನುವ ಕ್ರಮ: ದಿನಕ್ಕೆ ಮೂರು ಸಲ, ಭಾನುವಾರವೂ ಬಿಡದೆ, ಹನ್ನೆರಡೇ ದಿನದಲ್ಲಿ 36 ಸಿಟ್ಟಿಂಗ್, 54 ಗ್ರೇ. ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆಯಲ್ಲಿ ಅದರಿಂದ ಎರಡು ವರ್ಷ ಬದುಕಿದವರು 20%ನಿಂದ 29%ಗೆ ಏರಿದರು. ತಲೆ ಕುತ್ತಿಗೆಯಲ್ಲಿ ಮಾತ್ರ ಹತೋಟಿ ಮಾಮೂಲಿಯಷ್ಟೇ ಬಂತು, ಆದರೆ ಅಲ್ಲಿ 66 ಗ್ರೇ ಕೊಡುವ ಕಡೆ 54ರಲ್ಲೇ ಅಷ್ಟು ಸಾಧಿಸಿದ್ದರು. ಬೇಗ ಮುಗಿಸುವುದಕ್ಕೆ ಎಷ್ಟು ಬೆಲೆ ಅಂತ ಇದರಿಂದಲೇ ತಿಳಿಯುತ್ತದೆ.

ಸೋಮವಾರ ಟ್ಯೂಬ್ ಹಾಕಿಸಿಕೊಂಡೆ. ಎರಡು ವಾರ ಮುಂಚೆಯೇ ಹಾಕಿಸಿಕೊಳ್ಳಬೇಕಿತ್ತು. ಮೂಗಿನಲ್ಲಿ ಟ್ಯೂಬ್ ಸಿಕ್ಕಿಸಿಕೊಂಡು ಜನರ ಮುಂದೆ ಕೂರಬೇಕಲ್ಲ ಅನ್ನುವ ಮುಜುಗರಕ್ಕೆ ಆರು ಕಿಲೋ ಕಳೆದುಕೊಂಡಿದ್ದೆ. ಟ್ಯೂಬ್ ಇದ್ದರೂ ದಿನಕ್ಕೆ ಒಂದಿಷ್ಟು ನೀರನ್ನು ಬಾಯಿಂದಲೇ ನುಂಗುತ್ತಿರಿ ಅಂತ ಹೇಳಿದರು, ಇಲ್ಲದಿದ್ದರೆ ಗಂಟಲು ನುಂಗುವುದನ್ನೇ ಮರೆಯುತ್ತದೆ.

ತೂಕ ಇಳಿದದ್ದರಿಂದ ಇನ್ನೊಂದು ತಲೆನೋವು. ಮಾಸ್ಕ್ ಸಡಿಲವಾಗಿತ್ತು. ಒಳಗೆ ಮುಖ ಅಲುಗಾಡಿದರೆ ಗುರಿ ತಪ್ಪುತ್ತದೆ. ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಆಗಬೇಕು ಅಂದರು. ಅಷ್ಟು ದಿನ ನಿಲ್ಲಿಸುತ್ತಾರೆ ಅಂದುಕೊಂಡೆ, ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಇಲ್ಲ. ಹೊಸದು ತಯಾರಾಗುವ ತನಕ ಹಳೆಯ ಪ್ಲಾನಿನಲ್ಲೇ, ದಿನವೂ ಸ್ಕ್ಯಾನ್ ತೆಗೆದು ಜಾಗ ಸರಿಯಾಗಿದೆಯಾ ಅಂತ ನೋಡಿಕೊಂಡು ನಡೆಸಿದರು. ಇನ್ಶೂರೆನ್ಸಿನ ಹಾಳೆಯಲ್ಲಿ ‘ಪ್ಲಾನ್ ಬದಲಾವಣೆ ಸೇರಿ’ ಅಂತ ಮೊದಲೇ ಬರೆಸಿದ್ದು ಇಲ್ಲಿ ಉಳಿಸಿತು. ಇಲ್ಲದಿದ್ದರೆ ಒಪ್ಪಿಗೆ ಕಾಯುವುದರಲ್ಲೇ ನಾಲ್ಕು ದಿನ ಹೋಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಹೋದರೆ ಕಾಯುವ ಹಾಲ್ ತುಂಬಿ ತುಳುಕುತ್ತಿದೆ. ಮೆಷಿನ್ ಕೆಟ್ಟಿದೆ. ಸಂಜೆವರೆಗೂ ಕೂರಿಸಿ, ನಾಳೆ ಬನ್ನಿ ಅಂದರು. ಬುಧವಾರವೂ ಅದೇ. ಕೌಂಟರಿನಲ್ಲಿದ್ದವರಿಗೆ ಏನೂ ಗೊತ್ತಿಲ್ಲ, ಫೋನ್ ಎತ್ತುವವರಿಲ್ಲ. ದೂರದಿಂದ ಬಂದವರು ಅಲ್ಲೇ ನೆಲದ ಮೇಲೆ ಮಲಗಿದ್ದರು. ಒಂದು ಮೆಸೇಜ್ ಕಳಿಸಿದ್ದರೆ ಎಷ್ಟು ಜನ ಬರುವುದು ತಪ್ಪುತ್ತಿತ್ತು! ಆ ಸಿಟ್ಟು ನನಗಿನ್ನೂ ಇದೆ.

ಬುಧವಾರ ಸಂಜೆ ಡಾಕ್ಟರು, ಫಿಸಿಸಿಸ್ಟ್ ಇಬ್ಬರೂ ಒಂದು ಪಟ್ಟಿ ಹಿಡಿದು ಹಾಲಿಗೆ ಬಂದರು. ಒಬ್ಬೊಬ್ಬರ ಹೆಸರಿನ ಮುಂದೆ ಗುರುತು. ಕೆಲವರಿಗೆ, ನೀವು ಕೊನೆಯಲ್ಲಿ ಎರಡು ದಿನ ಜಾಸ್ತಿ ಬಂದರೆ ಸಾಕು, ಏನೂ ತೊಂದರೆ ಇಲ್ಲ ಅಂದರು. ನನಗೆ, ಗರ್ಭಕೊರಳಿನ ಕ್ಯಾನ್ಸರಿನ ಇಬ್ಬರು ಹೆಂಗಸರಿಗೆ, ಶ್ವಾಸಕೋಶದ ಒಬ್ಬರಿಗೆ ಮಾತ್ರ ಬೇರೆ ಏರ್ಪಾಡು. ಯಾಕೆ ಭೇದ ಅಂತ ಒಬ್ಬರು ಜಗಳಕ್ಕೇ ನಿಂತರು. ಎಲ್ಲ ಕ್ಯಾನ್ಸರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ರೋಗಿಗಳನ್ನು ಮೂರು ವರ್ಗ ಮಾಡಿದೆ. ಗುಣಪಡಿಸಲೆಂದು ಚಿಕಿತ್ಸೆ ಕೊಡುವ, ಬೇಗ ಬೆಳೆಯುವ ಗಡ್ಡೆಗಳಲ್ಲಿ ಗೊತ್ತು ಮಾಡಿದ ದಿನಕ್ಕಿಂತ ಎರಡು ದಿನದ ಮೇಲೆ ಎಳೆಯಬಾರದು. ಸ್ತನ, ಪ್ರಾಸ್ಟೇಟ್ ಮುಂತಾದ ನಿಧಾನದವುಗಳಲ್ಲಿ ಐದು ದಿನ. ನೋವು ಕಡಿಮೆ ಮಾಡಲು ಕೊಡುವ ಚಿಕಿತ್ಸೆಯಲ್ಲಿ ಏಳು ದಿನದವರೆಗೂ ನಡೆಯುತ್ತದೆ. ಗರ್ಭಕೊರಳಿನದಕ್ಕೆ ಒಳಗಿನಿಂದ ಕೊಡುವ ರೇಡಿಯೇಷನ್ನೂ ಸೇರಿ ಎಂಟು ವಾರದಲ್ಲಿ ಎಲ್ಲ ಮುಗಿಯಬೇಕು.

ಗುರುವಾರ 22ನೇದು, ಶುಕ್ರವಾರ 23ನೇದು. ಶನಿವಾರ ನಮಗಾಗಿಯೇ ಮೆಷಿನ್ ಓಡಿಸಿ 24ನೇದು. ಮರುವಾರದ ಶುಕ್ರವಾರ ಒಂದೇ ದಿನ ಎರಡು: ಬೆಳಿಗ್ಗೆ 29, ಸಂಜೆ 30. ನಡುವೆ ಕಡಿಮೆ ಅಂದರೆ ಆರು ಗಂಟೆ ಬಿಡಲೇಬೇಕು, ಒಳ್ಳೆಯ ಜೀವಕೋಶಗಳು ತಮ್ಮನ್ನು ರಿಪೇರಿ ಮಾಡಿಕೊಳ್ಳಲು ಅಷ್ಟು ಹೊತ್ತು ಬೇಕು. ಆ ದಿನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಅದೇ ಹಾಲಿನ ಬೆಂಚಿನ ಮೇಲೆ ಕಳೆದೆ. ಹಣೆಯ ಮೇಲಿನ ಬೆಳಗಿನ ಅಚ್ಚು ಹೋಗಿ, ಸಂಜೆ ಹೊಸ ಅಚ್ಚು ಬಂತು.

ಬೆಂಚಿನಲ್ಲಿ ಪಕ್ಕಕ್ಕೆ ಕೂತ ಹಿರಿಯರೊಬ್ಬರು ನನ್ನನ್ನು ಗೊಂದಲಕ್ಕೆ ಹಾಕಿದರು. “ನನಗೆ ಎರಡು ದಿನದಲ್ಲಿ ನಾಲ್ಕು ಕೊಟ್ಟು, ನಾಲ್ಕು ವಾರ ಬಿಟ್ಟು ಬಾ ಅಂದರಪ್ಪ. ನಿಮಗ್ಯಾಕೆ ಈ ಗಡಿಬಿಡಿ?” ಅಂದರು. ಡಾಕ್ಟರನ್ನು ಕೇಳಿದೆ. ಅವರ ವಿಷಯ ಹೇಳಲಾಗದು, ಆದರೆ ಅಂಥ ಕ್ರಮ ಇದೆ, ಬೇಕೆಂದೇ ಬಿಡುವು ಇಟ್ಟದ್ದು ಅಂದರು. ರೋಗ ಪೂರ್ತಿ ಹೋಗುವ ಹಾಗಿಲ್ಲದಿದ್ದಾಗ, ನೋವು, ರಕ್ತಸ್ರಾವ ತಗ್ಗಿಸುವುದೇ ಗುರಿಯಾದಾಗ, ಆ ನಾಲ್ಕು ವಾರ ಮನುಷ್ಯ ನೆಮ್ಮದಿಯಾಗಿ ಊಟ ಮಾಡಿಕೊಂಡಿರುವುದೇ ಮುಖ್ಯ. ಹಾಗಾಗಿ ಪಕ್ಕದವರ ಕ್ರಮವನ್ನು ನಿಮ್ಮದಕ್ಕೆ ಹೋಲಿಸಬೇಡಿ. ಅವರನ್ನು ಯಾಕೆ ಅಂತ ಕೆದಕಲೂ ಬೇಡಿ.

ಆರನೇ ವಾರ ರಕ್ತಪರೀಕ್ಷೆಯಲ್ಲಿ ಬಿಳಿಕಣ ಬಹಳ ಇಳಿದಿತ್ತು. ಕೀಮೋ ಬಿಟ್ಟರು, ರೇಡಿಯೇಷನ್ ಬಿಡಲಿಲ್ಲ. ಜ್ವರ 101 ಬಂದ ರಾತ್ರಿ ವಾರ್ಡಿಗೆ ಸೇರಿಸಿ ಆಂಟಿಬಯೋಟಿಕ್ ಹಾಕಿ, ಮರುದಿನ ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ಮಾಸ್ಕ್ ಹಾಕಿದರು. ಮೊದಲಾಗಿದ್ದರೆ ಇದೆಂಥ ಕ್ರೌರ್ಯ ಅನ್ನುತ್ತಿದ್ದೆ.

ಖರ್ಚಿನ ಮಾತು. ಚಿಕಿತ್ಸೆಯ ಬಿಲ್ ಎಲ್ಲರೂ ಲೆಕ್ಕ ಹಾಕಿರುತ್ತಾರೆ. ತಪ್ಪಿಹೋಗುವುದು ಉಳಿದವು: 35 ದಿನದ ಓಡಾಟ, ಜೊತೆಗೆ ಬರುವವರ ರಜೆ, ಟ್ಯೂಬಿಗೆ ಹಾಕುವ ಪೌಡರ್, ನೋವಿನ ಔಷಧಿ, ವಾರವಾರದ ರಕ್ತಪರೀಕ್ಷೆ. ಇವುಗಳಲ್ಲಿ ಅರ್ಧ ಇನ್ಶೂರೆನ್ಸಿನಲ್ಲಿ ಬರಲಿಲ್ಲ. ದೂರದವರು ಆಸ್ಪತ್ರೆಯ ಹತ್ತಿರವೇ ಉಳಿದುಕೊಂಡರೆ ದುಬಾರಿ ಅನ್ನಿಸುತ್ತದೆ, ಆದರೆ ಐದನೇ ವಾರದ ಆಮೇಲೆ ದಿನವೂ ಪ್ರಯಾಣ ಮಾಡುವ ಶಕ್ತಿ ಇರುವುದಿಲ್ಲ. ಜನ ತಪ್ಪಿಸಿಕೊಳ್ಳುವುದು ಅಲ್ಲೇ. ನನ್ನ ಜೊತೆ ಶುರು ಮಾಡಿದವರೊಬ್ಬರು ಹೀಗೇ ನಾಳೆ ಹೋದರಾಯಿತು ಅನ್ನುತ್ತಾ ಒಂದು ವಾರ ಬಿಟ್ಟು ಬಂದರು. ಮೆಷಿನ್ ಕೆಟ್ಟದ್ದಾದರೆ ಆಸ್ಪತ್ರೆಯವರು ಸರಿದೂಗಿಸುತ್ತಾರೆ, ನೀವೇ ಬಿಟ್ಟರೆ ಅವರಿಗೆ ತಿಳಿಯುವಷ್ಟರಲ್ಲಿ ದಿನ ಕಳೆದಿರುತ್ತದೆ. ಏಳಲಾಗದಿದ್ದರೂ ಒಂದು ಫೋನ್ ಮಾಡಿ. ಮೊದಲ ದಿನವೇ ಕೇಳಿಟ್ಟುಕೊಳ್ಳಿ: ನನ್ನದು ಯಾವ ವರ್ಗ, ಒಂದು ದಿನ ತಪ್ಪಿದರೆ ಹೇಗೆ ತುಂಬುತ್ತೀರಿ, ಮೆಷಿನ್ ಕೆಟ್ಟರೆ ಇನ್ನೊಂದು ಮೆಷಿನ್ ಇದೆಯಾ, ಹಬ್ಬದ ರಜೆ ಎಷ್ಟು ಬೀಳುತ್ತದೆ.

35ನೇದು ಏಳನೇ ಶುಕ್ರವಾರವೇ ಮುಗಿಯಿತು. ಡೈರಿಯಲ್ಲಿ ಹೆಂಡತಿ ಬರೆದದ್ದು: ‘ಸಿ. 35, ದಿ. 47, ತೂಕ 58’. ಎಲ್ಲರೂ ಮುಗಿಯಿತಲ್ಲ ಅಂದರು. ಮುಗಿದಿರಲಿಲ್ಲ. ಹುಣ್ಣು ಜೋರಾಗುವುದು ಕೊನೆಯ ಸಿಟ್ಟಿಂಗ್ ಆದ ಮೇಲಿನ ಒಂದೆರಡು ವಾರದಲ್ಲಿ. ಇದಕ್ಕೆ ತಯಾರಾಗಿರಿ, ಮಾರ್ಫಿನ್ ಚೀಟಿ ಆವತ್ತೇ ಬರೆಸಿಕೊಂಡು ಬನ್ನಿ. ನನಗೆ ಹದಿನೆಂಟನೇ ದಿನದಿಂದ ಇಳಿಮುಖ. ಮೊನ್ನೆ ಟ್ಯೂಬ್ ತೆಗೆದರು. ರೋಗ ಹೋಗಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನ್ ಹನ್ನೆರಡು ವಾರ ಆದ ಮೇಲೆ. ಬೇಗ ಮಾಡಿದರೆ ಊತವೂ ರೋಗದ ಹಾಗೇ ಹೊಳೆಯುತ್ತದಂತೆ.

ಕಳೆದ ವಾರ ದೊಡ್ಡಮ್ಮ ಫೋನ್ ಮಾಡಿದ್ದರು. ನಾನು ಬಿಡುವು ಕೇಳಿದ್ದು, ಕೊಡದೇ ಇದ್ದದ್ದು ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ ಮೂರು ವಾರ ಚೆನ್ನಾಗಿ ಉಂಡರು ಕಣೋ. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಬಂತಲ್ಲ” ಅಂದರು. ಕಥೆಯ ಈ ಅರ್ಧ ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಬಿಡುವಿನಿಂದಲೇ ಬಂತು ಅನ್ನಲು ಆಗುವುದಿಲ್ಲ, ಒಬ್ಬರ ವಿಷಯದಲ್ಲಿ ಹಾಗೆ ಹೇಳಲು ಯಾರಿಂದಲೂ ಆಗದು, ಡಾಕ್ಟರೂ ಅದನ್ನೇ ಅಂದರು. ದೊಡ್ಡಮ್ಮನಿಗೆ ನಾನೇನೂ ಹೇಳಲಿಲ್ಲ.

ಎರಡೂ ಮಾಸ್ಕನ್ನು ಮನೆಗೆ ತಂದಿದ್ದೇನೆ. ನಿನ್ನೆ ಮೊದಲನೆಯದನ್ನು ಮುಖಕ್ಕೆ ಹಿಡಿದು ನೋಡಿದೆ. ಕೆನ್ನೆಯ ಹತ್ತಿರ ಎರಡು ಬೆರಳು ಸಲೀಸಾಗಿ ಹೋಗುತ್ತವೆ.